ಚೀನಾದಲ್ಲಿ ತತ್ತ್ವಶಾಸ್ತ್ರ ಇತ್ತೇ? ಈ ಪ್ರಶ್ನೆ ಬಂದದ್ದು ಎಲ್ಲಿಂದ?

ಪಶ್ಚಿಮದವರು ವಾದ ಮಾಡುತ್ತಾರೆ, ಚೀನಾದವರು ಹೊಂದಿಕೊಂಡು ಹೋಗುತ್ತಾರೆ. ಈ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಅದರ ಬೆನ್ನಿಗೇ ಬರುವ ಪ್ರಶ್ನೆ, ಚೀನಾದ್ದು ತತ್ತ್ವಶಾಸ್ತ್ರವೋ, ಬರೀ ಚಿಂತನೆಯೋ ಎಂಬುದು. 2001ರಲ್ಲಿ ಶಾಂಘೈಗೆ ಬಂದಿದ್ದ ಫ್ರೆಂಚ್ ತತ್ತ್ವಜ್ಞಾನಿ ಜಾಕ್ ಡೆರಿಡಾ ಅದು ಚಿಂತನೆ ಎಂದರು. ಹೀಯಾಳಿಸಲು ಹೇಳಿದ್ದಲ್ಲ. ತತ್ತ್ವಶಾಸ್ತ್ರ ಗ್ರೀಸಿನಲ್ಲಿ ಹುಟ್ಟಿ ಯುರೋಪಿನಲ್ಲಿ ಬೆಳೆದದ್ದು ಎಂಬುದು ಅವರ ಲೆಕ್ಕ. ಆದರೂ ಚೀನಾದ ವಿದ್ವಾಂಸರಲ್ಲಿ ಈ ಚರ್ಚೆ ವರ್ಷಗಟ್ಟಲೆ ನಡೆಯಿತು.

ಯುರೋಪಿನಲ್ಲಿ ಮೊದಮೊದಲು ಈ ಅನುಮಾನ ಅಷ್ಟಾಗಿ ಇರಲಿಲ್ಲ. 1687ರಲ್ಲಿ ಜೆಸ್ವಿಟ್ ಪಾದ್ರಿಗಳು ಪ್ಯಾರಿಸ್‌ನಲ್ಲಿ ಚೀನಾದ ಪ್ರಾಚೀನ ಗುರು ಕನ್ಫ್ಯೂಷಿಯಸ್‌ನ ಪರಂಪರೆಯ ಗ್ರಂಥಗಳ ಲ್ಯಾಟಿನ್ ಅನುವಾದ ಅಚ್ಚು ಹಾಕಿಸಿದಾಗ ಅವನನ್ನು ತತ್ತ್ವಜ್ಞಾನಿ ಎಂದೇ ಕರೆದರು. 1721ರಲ್ಲಿ ಜರ್ಮನಿಯ ಹಾಲೆ ಊರಿನಲ್ಲಿ ತತ್ತ್ವಜ್ಞಾನಿ ಕ್ರಿಶ್ಚಿಯನ್ ವುಲ್ಫ್, ಬೈಬಲ್ ಇಲ್ಲದೆಯೂ ಚೀನಾದವರು ನೀತಿಯ ದಾರಿ ಕಂಡುಕೊಂಡಿದ್ದಾರೆ ಎಂದು ಭಾಷಣ ಮಾಡಿದರು. ಎರಡು ವರ್ಷದ ನಂತರ ಅವರಿಗೆ ರಾಜಾಜ್ಞೆ ಬಂತು: 48 ಗಂಟೆಯೊಳಗೆ ಊರು ಬಿಡಬೇಕು, ಇಲ್ಲದಿದ್ದರೆ ಗಲ್ಲು. ನೂರು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತ್ತು. ಜರ್ಮನ್ ತತ್ತ್ವಜ್ಞಾನಿ ಹೆಗೆಲ್‌ರ ಪಾಠಗಳಲ್ಲಿ ಕನ್ಫ್ಯೂಷಿಯಸ್ ಬರೀ ಲೋಕಜ್ಞಾನದ ಮನುಷ್ಯನಾದ.

ನಿಜವಾದ ತೊಡಕು ಶುರುವಾದದ್ದು ಒಂದು ಪದದಿಂದ. ಜಪಾನಿನ ವಿದ್ವಾಂಸ ನಿಶಿ ಅಮಾನೆ 1874ರ ಪುಸ್ತಕದಲ್ಲಿ ‘ಫಿಲಾಸಫಿ’ಗೆ ಹೊಸ ಪದವೊಂದನ್ನು ಬಳಸಿದರು. ಮುಂದೆ ಚೀನಾವೂ ಅದನ್ನೇ ತೆಗೆದುಕೊಂಡು ‘ಝೆಶ್ಯೂ’ ಎಂದಿತು. ಪದ ಬಂದ ಮೇಲೆ ಅದಕ್ಕೆ ಹೊಂದುವ ಸರಕು ಹುಡುಕಬೇಕಾಯಿತು. ಅಮೆರಿಕದಲ್ಲಿ ಓದಿ ಬಂದ ಚೀನೀ ವಿದ್ವಾಂಸ ಹೂ ಶಿ 1919ರಲ್ಲಿ ಚೀನೀ ತತ್ತ್ವಶಾಸ್ತ್ರದ ಇತಿಹಾಸದ ಮೊದಲ ಸಂಪುಟ ತಂದರು. ಪುರಾಣದ ರಾಜರನ್ನು ಬಿಟ್ಟು ನೇರ ಪ್ರಾಚೀನ ಚಿಂತಕ ಲಾವೋ ತ್ಸುನಿಂದ ಹೊರಟರು. ಎರಡನೆಯ ಸಂಪುಟ ಬರಲೇ ಇಲ್ಲ. ನಂತರ ಬರೆದ ಫೆಂಗ್ ಯೂಲಾನ್ ಮುಚ್ಚುಮರೆಯಿಲ್ಲದೆ ಹೇಳಿದರು: ಪಶ್ಚಿಮದವರು ಯಾವುದನ್ನು ತತ್ತ್ವಶಾಸ್ತ್ರ ಎನ್ನುತ್ತಾರೋ ಅದಕ್ಕೆ ಹೊಂದುವುದನ್ನು ನಮ್ಮ ವಿದ್ಯೆಗಳಿಂದ ಆರಿಸಿ ಬರೆಯುವುದೇ ಈ ಕೆಲಸ. ಅಕ್ಕಿ ಮನೆಯದು, ಅಳೆಯುವ ಸೇರು ಪಕ್ಕದೂರಿನದು. ಹೀಗೆ ಅಳೆದರೆ ಕಮ್ಮಿ ಬೀಳದೆ ಇರುತ್ತದೆಯೇ?

ಚೀನಾದವರು ವಾದ ಮಾಡುವುದಿಲ್ಲ ಎನ್ನುವವರು ಎರಡು ಸಾವಿರ ವರ್ಷಕ್ಕೂ ಹಳೆಯ ಈ ಮಾತುಕತೆ ಓದಬೇಕು. ಚೀನಾದ ಪ್ರಾಚೀನ ಚಿಂತಕ ಜುವಾಂಗ್ ತ್ಸು, ಅವನ ಗೆಳೆಯ ಹ್ವೇ ತ್ಸು ಇಬ್ಬರೂ ಹಾವ್ ನದಿಯ ಸೇತುವೆ ಮೇಲಿದ್ದಾರೆ.

ಜುವಾಂಗ್ ತ್ಸು ಹೇಳುತ್ತಾನೆ: ‘ನೋಡು, ಮೀನು ಹೇಗೆ ಆರಾಮಾಗಿ ಈಜುತ್ತಿವೆ. ಇದೇ ಮೀನಿನ ಸಂತೋಷ.’

‘ನೀನು ಮೀನಲ್ಲ. ನಿನಗೆ ಹೇಗೆ ಗೊತ್ತು?’

‘ನೀನು ನಾನಲ್ಲ. ನನಗೆ ಗೊತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತು?’

ಹ್ವೇ ತ್ಸು ಬಿಡುವುದಿಲ್ಲ. ‘ಸರಿ, ನಾನು ನೀನಲ್ಲ, ನಿನ್ನೊಳಗಿನದು ನನಗೆ ಗೊತ್ತಿಲ್ಲ. ಹಾಗೇ ನೀನೂ ಮೀನಲ್ಲ, ಅದರ ಸಂತೋಷ ನಿನಗೆ ಗೊತ್ತಿಲ್ಲ. ಮುಗಿಯಿತಲ್ಲ.’

‘ಮೊದಲ ಮಾತಿಗೆ ಬಾ,’ ಎನ್ನುತ್ತಾನೆ ಜುವಾಂಗ್ ತ್ಸು. ‘ಹೇಗೆ ಗೊತ್ತು ಅಂತ ಕೇಳಿದೆಯಲ್ಲ, ನನಗೆ ಗೊತ್ತಿದೆ ಅಂತ ತಿಳಿದೇ ಕೇಳಿದೆ. ನನಗೆ ಗೊತ್ತಾದದ್ದು ಇಲ್ಲೇ, ಈ ಸೇತುವೆ ಮೇಲೆ ನಿಂತು.’