ಟಾಕ್ಸೊಪ್ಲಾಸ್ಮಾಸಿಸ್: ಬಸುರಿಯ ವರದಿಯಲ್ಲಿ ಕಾಣುವ ‘ಪಾಸಿಟಿವ್’

ಗ್ರೀಕ್ ಭಾಷೆಯಲ್ಲಿ ‘ಟಾಕ್ಸಾನ್’ ಎಂದರೆ ಬಿಲ್ಲು. 1908ರಲ್ಲಿ ಟ್ಯುನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಶಾರ್ಲ್ ನಿಕೋಲ್ ಮತ್ತು ಲೂಯಿ ಮಾನ್ಸೋ ಅವರು ಇಲಿಯ ಬಳಗದ ಗುಂಡಿ ಎಂಬ ಪ್ರಾಣಿಯ ಮೈಯಲ್ಲಿ ಬಿಲ್ಲಿನಂತೆ ಬಾಗಿದ ಏಕಕೋಶ ಜೀವಿಯನ್ನು ಕಂಡರು. ಆ ಆಕಾರದಿಂದಲೇ ಅದಕ್ಕೆ ಟಾಕ್ಸೊಪ್ಲಾಸ್ಮಾ ಎಂಬ ಹೆಸರು ಬಂತು. ‘ಟಾಕ್ಸಿನ್’ ಪದದ ನೆನಪಿನಿಂದ ಇದನ್ನು ನಂಜೆಂದು ತಿಳಿಯಬಾರದು. ಈ ಜೀವಿ ಮೈಸೇರಿ ಉಂಟಾಗುವ ಸೋಂಕೇ ಟಾಕ್ಸೊಪ್ಲಾಸ್ಮಾಸಿಸ್.

ಕಾಸರಗೋಡಿನ ನಮ್ಮ ಹಳ್ಳಿಮನೆಗಳಿಗೆ ಈ ಪದ ತಲುಪುವುದು ಹೆಚ್ಚಾಗಿ ಲ್ಯಾಬಿನ ಚೀಟಿಯ ಮೂಲಕ. ಬದಿಯಡ್ಕದ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ, ಎರಡು ತಿಂಗಳ ಬಸುರಿಯ ಟಾರ್ಚ್ ಪರೀಕ್ಷೆಯ (ಹೊಟ್ಟೆಯ ಮಗುವಿಗೆ ಹಾನಿಮಾಡಬಲ್ಲ ಕೆಲವು ಸೋಂಕುಗಳನ್ನು ಹುಡುಕುವ ರಕ್ತಪರೀಕ್ಷೆ) ವರದಿಯಲ್ಲಿ ‘ಟಾಕ್ಸೊ ಐಜಿಜಿ ಪಾಸಿಟಿವ್’ ಎಂದು ದಪ್ಪಕ್ಷರದಲ್ಲಿ ಕಂಡದ್ದೇ ತಡ, ರೋಗ ಬೆಕ್ಕಿನಿಂದಲೇ ಬಂತೆಂದು, ಹಟ್ಟಿಯಲ್ಲಿ ಮರಿಹಾಕಿದ್ದ ಬೆಕ್ಕನ್ನು ಗೋಣಿಯಲ್ಲಿ ತುಂಬಿ ದೂರ ಬಿಟ್ಟುಬರಲು ಅತ್ತೆ ಹೇಳಿದರು. ಅದರ ಕೆಳಗಿನ ಸಾಲು ‘ಐಜಿಎಂ ನೆಗೆಟಿವ್’ ಎಂದಿತ್ತು. ಅದನ್ನು ಯಾರೂ ಓದಿರಲಿಲ್ಲ.

ಓದಬೇಕಾದದ್ದು ಎರಡೂ ಸಾಲುಗಳನ್ನು. ಸೋಂಕು ತಗಲಿದಾಗ ದೇಹ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ: ಮೊದಲು ಐಜಿಎಂ ಪ್ರತಿಕಾಯಗಳನ್ನು, ಒಂದೆರಡು ವಾರಗಳಲ್ಲಿ ಐಜಿಜಿ ಪ್ರತಿಕಾಯಗಳನ್ನು. ಐಜಿಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಬಸುರಿನ ಆರಂಭದಲ್ಲೇ ಐಜಿಜಿ ಇದ್ದು ಐಜಿಎಂ ಇಲ್ಲವೆಂದರೆ, ಸೋಂಕು ಎಂದೋ ಬಂದು, ಬಹುಶಃ ಸಣ್ಣ ಜ್ವರವೆಂದು ಮರೆತುಹೋಗಿ, ಈಗ ರೋಗನಿರೋಧಕ ಶಕ್ತಿಯಾಗಿ ನಿಂತಿದೆ ಎಂದೇ ಅರ್ಥ. ಎಚ್ಐವಿಯಂತಹ ಕಾರಣಗಳಿಂದ ಆ ಶಕ್ತಿ ತೀರ ಕುಗ್ಗಿದವರನ್ನು ಬಿಟ್ಟರೆ, ಅಂತಹ ತಾಯಿಯ ಮಗುವಿಗೆ ಅಪಾಯ ತೀರಾ ವಿರಳ. ಪದೇಪದೇ ಗರ್ಭಪಾತವಾದ ಹೆಣ್ಣುಮಕ್ಕಳಿಗೆ ಈ ಹಳೆಯ ಐಜಿಜಿಯನ್ನೇ ಕಾರಣವೆಂದು ತೋರಿಸುವುದು ತಪ್ಪು. ಅವರ ನೋವಿನ ಮೇಲೆ ಸುಳ್ಳು ಹೊರೆಯನ್ನು ಹೇರಿದಂತೆ.

ಐಜಿಎಂ ಪಾಸಿಟಿವ್ ಬಂದರೂ ಕೂಡಲೇ ಎದೆಗುಂದಬೇಕಾಗಿಲ್ಲ, ಏಕೆಂದರೆ ಅದು ಕೆಲವರಲ್ಲಿ ವರ್ಷಕ್ಕಿಂತಲೂ ಹೆಚ್ಚು ಕಾಲ ಉಳಿದಿರುತ್ತದೆ. ಆಗ ಐಜಿಜಿಯ ಅವಿಡಿಟಿ, ಅಂದರೆ ಪ್ರತಿಕಾಯದ ಹಿಡಿತದ ಬಿಗಿ, ಪರೀಕ್ಷಿಸುತ್ತಾರೆ. ಹಿಡಿತ ಬಿಗಿಯಾಗಿದ್ದರೆ ಸೋಂಕು ತಗಲಿ ಮೂರು ನಾಲ್ಕು ತಿಂಗಳಿಗಿಂತ ಹೆಚ್ಚಾಗಿದೆ. ಸಡಿಲವಾಗಿದ್ದ ಮಾತ್ರಕ್ಕೆ ಸೋಂಕು ಹೊಸದೆಂದು ಖಚಿತವಾಗುವುದಿಲ್ಲ.

ನಿಜವಾದ ಅಪಾಯ ಇರುವುದು ಬಸುರಿನಲ್ಲಿ ಮೊದಲ ಬಾರಿಗೆ ತಗಲುವ ಸೋಂಕಿನಿಂದ. ಮೊದಲ ಮೂರು ತಿಂಗಳಲ್ಲಿ ಅದು ಮಗುವಿಗೆ ದಾಟುವುದು ನೂರಕ್ಕೆ ಸುಮಾರು 10–15 ಮಂದಿಯಲ್ಲಿ, ಕೊನೆಯ ತಿಂಗಳುಗಳಲ್ಲಿ 60ಕ್ಕೂ ಮಿಗಿಲಾದವರಲ್ಲಿ; ಆದರೆ ಬೇಗ ದಾಟಿದಷ್ಟೂ ಮಗುವಿನ ಮಿದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಆಗುವ ಹಾನಿ ತೀವ್ರ. ಹೊಸ ಸೋಂಕೆಂದು ಕಂಡುಬಂದರೆ ವೈದ್ಯರು ಸ್ಪೈರಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಸೋಂಕು ಮಗುವಿಗೆ ದಾಟಿದೆಯೇ ಎಂದು ತಿಳಿಯಲು 18 ವಾರಗಳ ಬಳಿಕ ಗರ್ಭದ ನೀರನ್ನು ಪರೀಕ್ಷಿಸಬಹುದು. ಹಾಗಾಗಿ ಇನ್ನೂ ಸೋಂಕೇ ತಗಲದ, ಅಂದರೆ ಎರಡೂ ಸಾಲು ‘ನೆಗೆಟಿವ್’ ಬಂದವಳೇ ಹೆಚ್ಚು ಜಾಗ್ರತೆ ವಹಿಸಬೇಕಾದವಳು.

ಬೆಕ್ಕಿನ ಪಾಲು ಇಲ್ಲವೆಂದಲ್ಲ. ಸೋಂಕು ತಗಲಿದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಈ ಜೀವಿಯ ಮೊಟ್ಟೆಯಂತಹ ಬೀಜಕೋಶಗಳನ್ನು ಹೊರಹಾಕುತ್ತದೆ. ಅವು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಆದರೆ ಹಸಿ ಮಣ್ಣಿನಲ್ಲಿ ಅವು ವರ್ಷಕ್ಕೂ ಮಿಕ್ಕಿ ಬದುಕಬಲ್ಲವು. ಆದ್ದರಿಂದ ಸಸ್ಯಾಹಾರಿಗಳ ಮನೆಗೂ ಇದು ಬಾರದ ರೋಗವಲ್ಲ. ನಮ್ಮಲ್ಲಿ ತೋಟದ ಬದಿಯಿಂದ ಕಿತ್ತ ಒಂದೆಲಗವನ್ನು ಬೇಯಿಸದೆ, ತೆಂಗಿನಕಾಯಿಯೊಂದಿಗೆ ಅರೆದು ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತೇವೆ. ನೆಲಕ್ಕೆ ಹಬ್ಬುವ ಆ ಸೊಪ್ಪಿನ ಬೇರಿನ ಗಂಟುಗಳಲ್ಲಿ ಮಣ್ಣು ಅಂಟಿಕೊಂಡಿರುತ್ತದೆ. ಬಸುರಿಗೆ ಬಡಿಸುವುದಾದರೆ ಬೇರು ತೆಗೆದು, ಒಂದೊಂದೇ ದಂಟನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು. ಬೇಯಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಮಾಂಸವಾದರೆ ಒಳಗೆ ಕೆಂಪು ಉಳಿಯದಂತೆ ಬೇಯಬೇಕು, ಬೆಕ್ಕಿನ ಮಲವನ್ನು ಬೇರೆಯವರು ದಿನವೂ ತೆಗೆಯಬೇಕು.

ಹೆರಿಗೆಯ ನಂತರ ಮಗುವಿನ ರಕ್ತದಲ್ಲೂ ಐಜಿಜಿ ಕಂಡರೆ ಅದು ತಾಯಿಯದ್ದೇ ಇರಬಹುದು. ಐಜಿಎಂ ಮಾಸನ್ನು ದಾಟಲಾರದು, ಐಜಿಜಿ ದಾಟುತ್ತದೆ. ಸೋಂಕಿಲ್ಲದ ಮಗುವಿನಲ್ಲಿ ಅದು ಸುಮಾರು ವರ್ಷ ತುಂಬುವುದರೊಳಗೆ ತಾನಾಗಿ ಇಲ್ಲವಾಗುತ್ತದೆ.