ಕರ್ಣಕ್ಕೆ ಸಿಗದ ಅಳತೆ: ಗ್ರೀಕ್ ಗಣಿತದ ಮೊದಲ ಹೆಜ್ಜೆಗಳು

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಜೇಡಿಮಣ್ಣಿನ ಬಿಲ್ಲೆಯಿದೆ. ಕ್ರಿ.ಪೂ. 1800ರಿಂದ 1600ರ ನಡುವೆ ಬಾಬಿಲೋನಿಯದ ಯಾರೋ, ಬಹುಶಃ ಲೆಕ್ಕ ಕಲಿಯುತ್ತಿದ್ದ ವಿದ್ಯಾರ್ಥಿಯೊಬ್ಬ, ಅದರ ಮೇಲೆ ಒಂದು ಚೌಕವನ್ನೂ ಎರಡು ಕರ್ಣಗಳನ್ನೂ ಗೀಚಿ, ಬಾಹುವಿನ ಪಕ್ಕದಲ್ಲಿ 30 ಎಂದೂ ಕರ್ಣದ ಗುಂಟ 1; 24, 51, 10 ಎಂದೂ ಬೆಣೆಲಿಪಿಯಲ್ಲಿ ಒತ್ತಿದ್ದಾನೆ. ಅರವತ್ತನ್ನು ಆಧಾರವಾಗಿಟ್ಟುಕೊಂಡ ಈ ಸಂಖ್ಯೆಯನ್ನು ನಮ್ಮ ದಶಮಾಂಶಕ್ಕೆ ತಿರುಗಿಸಿದರೆ 1.41421296 ಎಂದಾಗುತ್ತದೆ. ಯಾವ ಚೌಕದಲ್ಲೂ ಕರ್ಣವು ಬಾಹುವಿನ ಎಷ್ಟು ಪಟ್ಟೆಂಬುದನ್ನು ಹೇಳುವ ಸಂಖ್ಯೆಯಿದು, ಅಂದರೆ 2ರ ವರ್ಗಮೂಲ. ಅದರ ನಿಜವಾದ ಬೆಲೆ 1.41421356, ವ್ಯತ್ಯಾಸ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಈಜಿಪ್ಟಿನವರೂ ಹಿಂದುಳಿದಿರಲಿಲ್ಲ. ಕ್ರಿ.ಪೂ. 1550ರ ಸುಮಾರಿಗೆ ಲಿಪಿಕಾರ ಅಹ್ಮೋಸ್ ನಕಲು ಮಾಡಿದ ಪಪೈರಸ್ ಸುರುಳಿಯ ಪ್ರಕಾರ, ವೃತ್ತದ ವ್ಯಾಸದಿಂದ ಅದರ ಒಂಬತ್ತನೆಯ ಒಂದು ಭಾಗವನ್ನು ಕಳೆದು, ಉಳಿದದ್ದನ್ನು ವರ್ಗಮಾಡಿದರೆ ವಿಸ್ತೀರ್ಣ ದೊರೆಯುತ್ತದೆ. ಇದು ಪೈ ಬೆಲೆಯನ್ನು 3.16 ಎಂದು ಹಿಡಿದಂತೆ.

ಆದ್ದರಿಂದ ಗಣಿತವು ಗ್ರೀಸಿನಲ್ಲಿ ಹುಟ್ಟಿತೆನ್ನುವ ಹಳೆಯ ಮಾತು ನಿಲ್ಲುವುದಿಲ್ಲ. ಗ್ರೀಕರೇ ಹಾಗೆ ಹೇಳಿಕೊಳ್ಳಲಿಲ್ಲ. ನೈಲ್ ನದಿಯ ಪ್ರವಾಹದಲ್ಲಿ ಕೊಚ್ಚಿಹೋದ ಹೊಲಗಳನ್ನು ತೆರಿಗೆಗಾಗಿ ಮತ್ತೆ ಅಳೆಯಬೇಕಾಗಿ ಬಂದದ್ದರಿಂದ ಈಜಿಪ್ಟಿನಲ್ಲಿ ರೇಖಾಗಣಿತ ಹುಟ್ಟಿ, ಅಲ್ಲಿಂದ ಗ್ರೀಸಿಗೆ ಬಂದಿತೆಂದು ಹೆರೊಡೊಟಸ್ ಬರೆದ. ಅರಿಸ್ಟಾಟಲನಾದರೋ ಅಲ್ಲಿನ ಪುರೋಹಿತರಿಗೆ ದೊರೆತ ಬಿಡುವೇ ಅದಕ್ಕೆ ಕಾರಣವೆಂದ. ಗ್ರೀಕರು ಹೊಸದಾಗಿ ಸೇರಿಸಿದ್ದು ಉತ್ತರಗಳನ್ನಲ್ಲ. ಉತ್ತರ ಸರಿಯೆಂದು ಗೊತ್ತಿದ್ದ ಮೇಲೂ ಅದು ಸರಿಯಾಗಿಯೇ ಇರಬೇಕಾದ ಕಾರಣವನ್ನು ತೋರಿಸಬೇಕೆಂಬ ಹಟ, ಅಂದರೆ ಸಾಧನೆಯ ಬೇಡಿಕೆ, ಅವರದ್ದು.

ಈ ಬೇಡಿಕೆಯನ್ನು ಮೊದಲು ಮುಂದಿಟ್ಟವನೆಂದು ಹೆಸರಾದವನು ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಮಿಲೆಟಸ್ ನಗರದ ಥೇಲ್ಸ್. ಅವನ ಕಾಲ ಕ್ರಿ.ಪೂ. ಆರನೆಯ ಶತಮಾನದ ಮೊದಲರ್ಧ. ವ್ಯಾಸವು ವೃತ್ತವನ್ನು ಎರಡು ಸಮಭಾಗ ಮಾಡುತ್ತದೆ, ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ, ಎರಡು ಸರಳರೇಖೆಗಳು ಛೇದಿಸಿದಾಗ ಎದುರುಬದುರಿನ ಕೋನಗಳು ಸಮ ಎಂಬವು ಅವನ ಹೆಸರಿನಲ್ಲಿರುವ ಪ್ರಮೇಯಗಳು. ಇವುಗಳಲ್ಲಿ ಯಾವುದೂ ಹೊಲ ಅಳೆಯುವವನಿಗೆ ಹೊಸ ಸಂಗತಿಯಲ್ಲ, ಮಗುವಿಗೂ ಕಣ್ಣಿಗೆ ಕಾಣುವಂಥವು. ಕಣ್ಣಿಗೆ ಕಾಣುವುದಕ್ಕೂ ಕಾರಣ ಬೇಕೆಂದು ಒಬ್ಬನಿಗೆ ಅನ್ನಿಸಿದ್ದರೆ ವಿಶೇಷವಿರುವುದು ಅಲ್ಲಿಯೇ. ಆದರೆ ಇಲ್ಲಿ ಎಚ್ಚರ ಬೇಕು. ಥೇಲ್ಸ್ ಬರೆದದ್ದೇನೂ ಉಳಿದಿಲ್ಲ. ಅವನಾದ ಸುಮಾರು ಎರಡೂವರೆ ಶತಮಾನಗಳ ಮೇಲೆ ಅರಿಸ್ಟಾಟಲನ ಶಿಷ್ಯ ಯೂಡೆಮಸ್ ರೇಖಾಗಣಿತದ ಚರಿತ್ರೆಯೊಂದನ್ನು ಬರೆದ, ಅದೂ ಕಳೆದುಹೋಗಿದೆ. ಕ್ರಿ.ಶ. ಐದನೆಯ ಶತಮಾನದ ಪ್ರೊಕ್ಲಸ್ ಅದರಿಂದ ಎತ್ತಿಕೊಟ್ಟ ತುಣುಕುಗಳೇ ನಮಗೆ ಆಧಾರ. ಥೇಲ್ಸ್ ದಡದಲ್ಲಿ ನಿಂತು ಕಡಲಿನಲ್ಲಿರುವ ಹಡಗಿನ ದೂರವನ್ನು ಕಂಡುಹಿಡಿದನಂತೆ, ಹಾಗಾದರೆ ತ್ರಿಭುಜಗಳ ಸರ್ವಸಮತೆಯ ಪ್ರಮೇಯವನ್ನು ಅವನು ಬಳಸಿರಲೇಬೇಕು ಎಂದು ಯೂಡೆಮಸ್ ಹೇಳಿದ್ದಾಗಿ ಪ್ರೊಕ್ಲಸನೇ ದಾಖಲಿಸಿದ್ದಾನೆ. ಇದು ಸಾಕ್ಷ್ಯವಲ್ಲ, ಊಹೆ.

ಪೈಥಾಗೊರಸನ ವಿಷಯದಲ್ಲಿ ಮಂಜು ಇನ್ನೂ ದಟ್ಟವಾಗಿದೆ. ಸೇಮಾಸ್ ದ್ವೀಪದಲ್ಲಿ ಹುಟ್ಟಿ, ಕ್ರಿ.ಪೂ. 530ರ ಸುಮಾರಿಗೆ ದಕ್ಷಿಣ ಇಟಲಿಯ ಕ್ರೋಟಾನ್ ನಗರದಲ್ಲಿ ನೆಲೆಸಿ, ಆಹಾರ ಮತ್ತು ಆಚಾರಗಳ ಕಟ್ಟುಪಾಡುಗಳಿದ್ದ ಒಂದು ಪಂಥವನ್ನು ಅವನು ಕಟ್ಟಿದನೆಂಬುದಷ್ಟು ನಿಜ. ಅವನ ಹೆಸರಿನ ಪ್ರಮೇಯ ಬಾಬಿಲೋನಿಯದವರಿಗೆ ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ತಿಳಿದಿತ್ತು. ನಮ್ಮ ಬೌಧಾಯನ ಶುಲ್ಬಸೂತ್ರವೂ ಯಜ್ಞವೇದಿಕೆ ಕಟ್ಟುವ ನಿಯಮಗಳ ನಡುವೆ ಅದನ್ನು ಸ್ವತಂತ್ರವಾಗಿ ಹೇಳುತ್ತದೆ. ಪೈಥಾಗೊರಸನೇ ಅದಕ್ಕೆ ಸಾಧನೆ ಕೊಟ್ಟನೆನ್ನಲು ಸಮಕಾಲೀನ ಆಧಾರವಿಲ್ಲ. ಪ್ರಮೇಯ ಸಿಕ್ಕ ಸಂತೋಷಕ್ಕೆ ಅವನು ಎತ್ತನ್ನು ಬಲಿಕೊಟ್ಟನೆಂಬ ಕಥೆಯಂತೂ, ಮಾಂಸ ವರ್ಜಿಸಿದನೆಂದು ಹೆಸರಾದವನಿಗೆ ಹೊಂದುವುದೇ ಇಲ್ಲ. ಆದರೆ ಅವನ ಅನುಯಾಯಿಗಳು ಸಂಖ್ಯೆಗಳನ್ನು ಸಂಖ್ಯೆಗಳಿಗಾಗಿಯೇ ಪ್ರೀತಿಸಿದರು. ತಂತಿಯ ಉದ್ದಗಳು 2:1, 3:2, 4:3 ಎಂಬ ಅನುಪಾತಗಳಲ್ಲಿದ್ದಾಗ ಸ್ವರಗಳು ಇಂಪಾಗಿ ಹೊಂದುತ್ತವೆಂಬುದನ್ನು ಹಿಡಿದು, ಜಗತ್ತೆಲ್ಲವೂ ಪೂರ್ಣಾಂಕಗಳ ಅನುಪಾತವೆಂಬ ದೊಡ್ಡ ಮಾತಿಗೆ ಅವರು ಏರಿದರು.

ಆ ಮಾತಿಗೆ ಪೆಟ್ಟು ಬಿದ್ದದ್ದು ಅದೇ ಹಳೆಯ ಚೌಕದ ಕರ್ಣದಿಂದ. ಬಾಹುವನ್ನೂ ಕರ್ಣವನ್ನೂ ಶೇಷವಿಲ್ಲದೆ ಅಳೆಯಬಲ್ಲ ಒಂದು ಸಣ್ಣ ಅಳತೆಗೋಲು ಇದೆಯೆಂದಿಟ್ಟುಕೊಳ್ಳೋಣ. ಕರ್ಣದಲ್ಲಿ ಅದು ‘ಅ’ ಸಲವೂ ಬಾಹುವಿನಲ್ಲಿ ‘ಬ’ ಸಲವೂ ಹಿಡಿಸಲಿ. ಎರಡೂ ಸಮಸಂಖ್ಯೆಗಳಾಗಿದ್ದರೆ ಕೋಲನ್ನು ಇಮ್ಮಡಿ ಉದ್ದ ಮಾಡಿಕೊಳ್ಳಬಹುದಾದ್ದರಿಂದ, ಕಡೆಗೆ ಅವುಗಳಲ್ಲಿ ಒಂದಾದರೂ ಬೆಸಸಂಖ್ಯೆಯಾಗಿರುತ್ತದೆ. ಕರ್ಣದ ವರ್ಗ ಬಾಹುವಿನ ವರ್ಗದ ಎರಡರಷ್ಟು. ಆದ್ದರಿಂದ ‘ಅ’ದ ವರ್ಗ ಸಮ, ಹಾಗಾಗಿ ‘ಅ’ ಸಮ, ಉಳಿದ ‘ಬ’ ಬೆಸವಾಗಲೇಬೇಕು. ಆದರೆ ‘ಅ’ ಸಮವಾದರೆ ಅದರ ವರ್ಗ ನಾಲ್ಕರಿಂದ ಭಾಗವಾಗುತ್ತದೆ. ಅದರ ಅರ್ಧವಾದ ‘ಬ’ದ ವರ್ಗ ಎರಡರಿಂದ ಭಾಗವಾಗುತ್ತದೆ, ಅಂದರೆ ‘ಬ’ ಸಮ. ಒಂದೇ ಸಂಖ್ಯೆ ಸಮವೂ ಹೌದು, ಬೆಸವೂ ಹೌದು ಎಂದಾಯಿತು. ಇದು ಅಸಾಧ್ಯ, ಆದ್ದರಿಂದ ಅಂಥ ಅಳತೆಗೋಲು ಇಲ್ಲ. ಅರಿಸ್ಟಾಟಲ್ ಈ ವಾದವನ್ನು ಎಲ್ಲರಿಗೂ ಗೊತ್ತಿರುವ ಉದಾಹರಣೆಯೆಂಬಂತೆ ಒಂದೇ ವಾಕ್ಯದಲ್ಲಿ ಸೂಚಿಸಿ ಮುಂದೆ ಸಾಗುತ್ತಾನೆ.

ಬಾಬಿಲೋನಿಯದ ಲಿಪಿಕಾರನಿಗೆ ಈ ಪ್ರಶ್ನೆ ಹುಟ್ಟಬೇಕಾದ ಅಗತ್ಯವಿರಲಿಲ್ಲ. ಅವನ ಸಂಖ್ಯೆ ಯಾವ ಕಟ್ಟಡಕ್ಕಾದರೂ ಸಾಕಾಗುವಷ್ಟು ನಿಖರವಾಗಿತ್ತು. ಎಷ್ಟೇ ಅಳೆದರೂ ತಿಳಿಯಲಾಗದ, ತರ್ಕದಿಂದ ಮಾತ್ರ ತಿಳಿಯಬಹುದಾದ ಸತ್ಯವೊಂದು ಇಲ್ಲಿ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ಗ್ರೀಕ್ ಗಣಿತ ತನ್ನದೇ ದಾರಿ ಹಿಡಿದದ್ದು ಥೇಲ್ಸನಲ್ಲಲ್ಲ, ಇಲ್ಲಿ. ಈ ಗುಟ್ಟನ್ನು ಹೊರಗೆಡಹಿದ, ಪೈಥಾಗೊರಸನ ಪಂಥದವನೇ ಆದ ಹಿಪ್ಪಾಸಸ್ ಕಡಲಿನಲ್ಲಿ ಮುಳುಗಿ ಸತ್ತನೆಂಬ ಕಥೆ ಪ್ರಸಿದ್ಧವಾಗಿದೆ, ಆದರೆ ಅದು ಹಲವು ಶತಮಾನಗಳ ನಂತರದ್ದು. ಅದರ ಪಾಠಾಂತರಗಳಲ್ಲಿ ಅಪರಾಧವೂ ಬೇರೆ ಬೇರೆ.

ಊಹೆಗಳನ್ನು ದಾಟಿ ನಿಜವಾದ ಗಣಿತ ಕೈಗೆ ಸಿಗುವುದು ಕ್ರಿ.ಪೂ. ಐದನೆಯ ಶತಮಾನದ ಉತ್ತರಾರ್ಧದಲ್ಲಿ, ಕಿಯಾಸ್ ದ್ವೀಪದ ಹಿಪ್ಪೊಕ್ರಟಿಸನಲ್ಲಿ. ಈತ ವೈದ್ಯ ಹಿಪ್ಪೊಕ್ರಟಿಸ್ ಅಲ್ಲ. ಸುಂಕ ವಸೂಲಿಯವರ ಕೈಯಲ್ಲಿ ಹಣ ಕಳೆದುಕೊಂಡ ವ್ಯಾಪಾರಿಯೆಂದು ಅರಿಸ್ಟಾಟಲನ ಹೆಸರಿನ ಗ್ರಂಥವೊಂದು ಇವನನ್ನು ಹಾಸ್ಯಮಾಡುತ್ತದೆ. ಬಾಗಿದ ಗೆರೆಗಳಿಂದ ಸುತ್ತುವರಿದ ಆಕೃತಿಯೊಂದು ನೇರ ಗೆರೆಗಳ ಆಕೃತಿಗೆ ಕರಾರುವಾಕ್ಕಾಗಿ ಸಮವಾಗಬಲ್ಲದೆಂದು ತೋರಿಸಿದವನು ಇವನೇ. ಒಂದು ಕಾಲು ವೃತ್ತವನ್ನು ಬರೆದು, ಅದರ ಕಂಸದ ಎರಡು ತುದಿಗಳನ್ನು ಸೇರಿಸುವ ಜ್ಯಾದ ಮೇಲೆ ಹೊರಮುಖವಾಗಿ ಅರ್ಧವೃತ್ತ ಬರೆಯಿರಿ. ಜ್ಯಾದ ವರ್ಗ ತ್ರಿಜ್ಯದ ವರ್ಗದ ಎರಡರಷ್ಟು, ಅಂದರೆ ವ್ಯಾಸದ ವರ್ಗದ ಅರ್ಧ. ವೃತ್ತಗಳ ವಿಸ್ತೀರ್ಣ ವ್ಯಾಸಗಳ ವರ್ಗದಂತೆ ಬದಲಾಗುವುದರಿಂದ ಹೊಸ ಅರ್ಧವೃತ್ತವೂ ಹಳೆಯ ಕಾಲು ವೃತ್ತವೂ ಸಮ. ಎರಡಕ್ಕೂ ಸಾಮಾನ್ಯವಾದ ವೃತ್ತಖಂಡವನ್ನು ಎರಡರಿಂದಲೂ ಕಳೆಯಿರಿ: ಒಂದು ಕಡೆ ಬಾಲಚಂದ್ರನ ಆಕಾರ, ಇನ್ನೊಂದು ಕಡೆ ತ್ರಿಭುಜ, ಎರಡೂ ಸಮ. ಪೈ ಎಲ್ಲಿಯೂ ಬರಲಿಲ್ಲ. ಹಿಪ್ಪೊಕ್ರಟಿಸನ ಇಂಥ ವಾದಗಳು ಯೂಡೆಮಸನ ಮೂಲಕ ಕ್ರಿ.ಶ. ಆರನೆಯ ಶತಮಾನದ ಸಿಂಪ್ಲಿಸಿಯಸನ ವ್ಯಾಖ್ಯಾನವೊಂದರಲ್ಲಿ ಉಳಿದುಬಂದಿವೆ.

ಕಾರಣ ಕೇಳುವ ಈ ಹಟ ಅಲ್ಲಿಯೇ ಬೇರೂರಿದ್ದೇಕೆ? ನಗರಸಭೆಯಲ್ಲೂ ನ್ಯಾಯಸಭೆಯಲ್ಲೂ ಎದುರಾಳಿಯನ್ನು ವಾದದಿಂದ ಒಪ್ಪಿಸಬೇಕಾಗಿದ್ದ ಸಮಾಜದಲ್ಲಿ, ಅಲ್ಲಗಳೆಯಲಾಗದ ವಾದಕ್ಕೆ ಬೆಲೆ ಬಂದದ್ದು ಸಹಜವೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಒಪ್ಪಬಹುದಾದ ವಿವರಣೆಯೇ, ಆದರೂ ವಾದಪ್ರಿಯ ಸಮಾಜಗಳೆಲ್ಲ ರೇಖಾಗಣಿತ ಕಟ್ಟಲಿಲ್ಲ.

ಮುಂದಿನ ಬೆಳವಣಿಗೆ ವೇಗವಾಗಿ ನಡೆಯಿತು. ಗಣಿತಜ್ಞ ಥಿಯೊಡೊರಸ್ 3ರಿಂದ 17ರವರೆಗಿನ ಸಂಖ್ಯೆಗಳ ವರ್ಗಮೂಲಗಳಲ್ಲಿ ಯಾವುವು ಕರ್ಣದಂತೆ ಅಳತೆಗೆ ಸಿಗುವುದಿಲ್ಲವೆಂದು ಒಂದೊಂದಾಗಿ ಪರಿಶೀಲಿಸಿದನೆಂದು ಪ್ಲೇಟೊ ಬರೆದಿದ್ದಾನೆ. ಥಿಯೇಟಿಟಸ್ ಅದನ್ನು ಸಾಮಾನ್ಯ ನಿಯಮವಾಗಿಸಿದ. ನೈಡಸ್ ನಗರದ ಯೂಡಾಕ್ಸಸ್, ಸಾಮಾನ್ಯ ಅಳತೆಗೋಲೇ ಇಲ್ಲದ ಉದ್ದಗಳಿಗೂ ಅನ್ವಯಿಸುವ ಅನುಪಾತ ಸಿದ್ಧಾಂತವನ್ನು ಕಟ್ಟಿದ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಇದೆಲ್ಲವನ್ನೂ ಹದಿಮೂರು ಸಂಪುಟಗಳ ‘ಎಲಿಮೆಂಟ್ಸ್’ನಲ್ಲಿ ಜೋಡಿಸಿದ. ಅವನಿಗೆ ಮೊದಲು ಹಿಪ್ಪೊಕ್ರಟಿಸ್, ಲಿಯಾನ್, ಥ್ಯೂಡಿಯಸ್ ಎಂಬವರೂ ಇಂಥ ಗ್ರಂಥಗಳನ್ನು ರಚಿಸಿದ್ದರೆಂದು ಪ್ರೊಕ್ಲಸ್ ಹೇಳುತ್ತಾನೆ. ಯೂಕ್ಲಿಡನ ಕೃತಿ ಅವೆಲ್ಲಕ್ಕಿಂತ ಎಷ್ಟು ಮೇಲಾಗಿತ್ತೆಂದರೆ ಹಳೆಯವನ್ನು ಮತ್ತೆ ನಕಲು ಮಾಡಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಗ್ರೀಕ್ ಗಣಿತದ ಮೊದಲ ಮುನ್ನೂರು ವರ್ಷಗಳು ನಮಗೆ ತುಣುಕುಗಳಲ್ಲಷ್ಟೇ ದೊರೆಯಲು ಅದೂ ಒಂದು ಮುಖ್ಯ ಕಾರಣ.