ಹಬಲ್ ಎಳೆದ ಎರಡು ಗೆರೆ

1929ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಒಂದು ಗ್ರಾಫ್ ಪ್ರಕಟಿಸಿದರು. ಅಡ್ಡಕ್ಕೆ ಗ್ಯಾಲಕ್ಸಿಗಳ ದೂರ, ಉದ್ದಕ್ಕೆ ಅವು ನಮ್ಮಿಂದ ದೂರ ಸರಿಯುವ ವೇಗ. ಇದ್ದದ್ದು 24 ಚುಕ್ಕೆ, ಅವೂ ಸಾಸಿವೆ ಚೆಲ್ಲಿದ ಹಾಗೆ. ಕೆಲವು ಸೊನ್ನೆಗಿಂತ ಕೆಳಗೇ ಇವೆ. ಆ್ಯಂಡ್ರೊಮಿಡಾದಂಥವು ನಮ್ಮಿಂದ ದೂರ ಹೋಗುವ ಬದಲು ನಮ್ಮ ಕಡೆಗೇ ಬರುತ್ತಿವೆ, ಅದಕ್ಕೆ. ಇದರ ನಡುವೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಧೈರ್ಯ ಬೇಕು, ಅಲ್ವಾ?

ಕಣ್ಣಳತೆಯಲ್ಲಿ ಎಳೆದರೆ ನಿಮ್ಮ ಗೆರೆ ಒಂದು, ನನ್ನದು ಇನ್ನೊಂದು. ಈ ಜಗಳ ಬಗೆಹರಿಸುವ ದಾರಿಯನ್ನು ಫ್ರಾನ್ಸಿನ ಗಣಿತಜ್ಞ ಲೆಜೆಂಡ್ರೆ 1805ರಲ್ಲೇ ಪ್ರಕಟಿಸಿದ್ದರು. ಪ್ರತಿ ಚುಕ್ಕೆ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಅಂತ ಅಳೆಯಿರಿ, ಅದರ ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ. ಯಾವ ಗೆರೆಗೆ ಈ ಮೊತ್ತ ಅತಿ ಕಡಿಮೆಯೋ ಅದೇ ಸರಿ. ವರ್ಗ ಯಾಕೆ? ಸುಮ್ನೆ ಕೂಡಿಸಿದರೆ ಮೇಲಿನ ಪ್ಲಸ್, ಕೆಳಗಿನ ಮೈನಸ್ ವಜಾ ಆಗಿಬಿಡುತ್ತವೆ. ಇದರಲ್ಲಿ ಒಂದು ಕಿರಿಕಿರಿಯೂ ಇದೆ. 1ರ ವರ್ಗ 1, ಆದರೆ 3ರದ್ದು 9. ಹಾಗಾಗಿ ಗುಂಪು ಬಿಟ್ಟು ದೂರ ನಿಂತ ಒಂದೇ ಚುಕ್ಕೆ ಇಡೀ ಗೆರೆಯನ್ನು ತನ್ನ ಕಡೆ ಎಳೆದುಕೊಳ್ಳಬಹುದು.

ಹಬಲ್ ಎರಡು ಗೆರೆ ಎಳೆದರು. 24 ಗ್ಯಾಲಕ್ಸಿಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡಾಗ, ಪ್ರತಿ ಮೆಗಾಪಾರ್ಸೆಕ್ (ಸುಮಾರು 33 ಲಕ್ಷ ಜ್ಯೋತಿರ್ವರ್ಷ) ದೂರಕ್ಕೆ ವೇಗ ಸೆಕೆಂಡಿಗೆ 465 ಕಿ.ಮೀ. ಏರಿತು. ಅವನ್ನೇ 9 ಗುಂಪು ಮಾಡಿದಾಗ 513. ಇದರಲ್ಲಿ 50–60ರಷ್ಟು ಆಚೀಚೆ ಆಗಬಹುದು ಅಂತಲೂ ಬರೆದಿದ್ದರು. ಪ್ರಾಮಾಣಿಕ ಲೆಕ್ಕವೇ.

ಇವತ್ತಿನ ಉತ್ತರ ಸುಮಾರು 70!

ಗೆರೆ ಎಳೆದದ್ದರಲ್ಲಿ ದೋಷವಿರಲಿಲ್ಲ. ದೂರಗಳೇ ತಪ್ಪಿದ್ದವು, ಅದೂ ಎಲ್ಲವೂ ಒಂದೇ ದಿಕ್ಕಿಗೆ. ಗ್ಯಾಲಕ್ಸಿಗಳು ಹಬಲ್ ಅಂದುಕೊಂಡದ್ದಕ್ಕಿಂತ ಬಹಳ ದೂರ ಇದ್ದವು. ದೂರ ಅಳೆಯಲು ಬಳಸುವ ಸೆಫೀಡ್ ನಕ್ಷತ್ರಗಳಲ್ಲಿ ಎರಡು ಜಾತಿ ಇವೆ ಅಂತ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ 1952ರಲ್ಲಿ ತಿಳಿಸಿದಾಗ, ದೂರಗಳೆಲ್ಲ ಒಂದೇ ಏಟಿಗೆ ಎರಡರಷ್ಟಾದವು. ಮುಂದೆ ಇನ್ನಷ್ಟು ತಿದ್ದುಪಡಿ ಬಂದವು.

ಚುಕ್ಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋದನ್ನಷ್ಟೇ ವರ್ಗಗಳ ಲೆಕ್ಕ ನೋಡುತ್ತದೆ. ಎಲ್ಲವೂ ಒಟ್ಟಿಗೆ ಒಂದೇ ಕಡೆ ಸರಿದಿದ್ದರೆ ಅದಕ್ಕೆ ಸುಳಿವೇ ಸಿಗುವುದಿಲ್ಲ. ಸುಳಿವು ಸಿಕ್ಕಿದ್ದು ಕಲ್ಲುಗಳಿಂದ. ಹಬಲ್ ಗೆರೆ ಹೇಳುವ ವೇಗದಲ್ಲಿ ಗ್ಯಾಲಕ್ಸಿಗಳು ಇಷ್ಟು ದೂರ ಸರಿಯಲು ಎಷ್ಟು ಕಾಲ ಬೇಕಾಯಿತು ಅಂತ ನೋಡಿ, ಅದರಿಂದ ಬ್ರಹ್ಮಾಂಡದ ವಯಸ್ಸು ಲೆಕ್ಕ ಹಾಕಿದರೆ ಸುಮಾರು 200 ಕೋಟಿ ವರ್ಷ ಬರುತ್ತಿತ್ತು. ಭೂಮಿಯ ಕಲ್ಲುಗಳೋ, ಅದಕ್ಕಿಂತ ಹಳೆಯವು.